ಲಕ್ಷ್ಯ ಇಲ್ಲ ಅಂತ ಬಂದ ಹುಡುಗಿ: ಗಂಗಾವತಿ ಕಡೆಯ ಒಂದು ಪ್ರಕರಣ

ಹುಡುಗಿ ಎಸ್‌ಎಸ್‌ಎಲ್‌ಸಿ, ಕನ್ನಡ ಮಾಧ್ಯಮ, ಸರ್ಕಾರಿ ಹೈಸ್ಕೂಲು. ಊರು ಗಂಗಾವತಿಗೆ ಹತ್ತಿರ, ತುಂಗಭದ್ರಾ ಎಡದಂಡೆ ಕಾಲುವೆಯ ಪಕ್ಕ. ಅಪ್ಪ ಭತ್ತ ಬೆಳೆಯುತ್ತಾರೆ. ಸ್ವಂತದ್ದು ಒಂದೂವರೆ ಎಕರೆ, ಲೀಜಿಗೆ ಹಿಡಿದದ್ದು ಆರು ಎಕರೆ. ಅವ್ವನಿಗೆ ಮನೆ, ಎಮ್ಮೆ, ಸೀಸನ್ನಿನಲ್ಲಿ ನಾಟಿ ಮತ್ತು ಕಳೆ ಕೂಲಿ. ಒಬ್ಬ ತಮ್ಮ. ನಾನು ಗಂಗಾವತಿಯಲ್ಲಿ ಸಂಜೆ ಹೊತ್ತು ಗಣಿತ, ವಿಜ್ಞಾನ ಟ್ಯೂಷನ್ ಹೇಳುತ್ತೇನೆ. 2024ರ ದಸರಾ ರಜೆಯಲ್ಲಿ, ಅರ್ಧವಾರ್ಷಿಕ ಪರೀಕ್ಷೆಯ ಅಂಕ ಬಂದ ಮೇಲೆ, ಅವಳ ಅವ್ವ ಅವಳನ್ನು ಕರೆದುಕೊಂಡು ಬಂದರು. ಮನೆಯವರ ಒಪ್ಪಿಗೆ ತಗೊಂಡೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಊರು ಬೇಡ.

ದೂರು ಒಂದೇ. "ದಿನಾ ಓದಾಕ ಕುಂದರ್ತಾಳ್ರಿ ಮೇಡಂ. ತಾಸುಗಟ್ಟಲೆ ಕುಂದರ್ತಾಳ. ತಲ್ಯಾಗ ಒಂದಕ್ಷರ ಇಳಿಯಂಗಿಲ್ಲ. ಲಕ್ಷ್ಯನ ಇಲ್ರಿ. ಎಲ್ಲಾ ಆ ಫೋನಿಂದ." ಶಾಲೆಯಲ್ಲೂ ಇದೇ ಮಾತು. ಪಾಠ ನಡೆಯುವಾಗ ಕಿಟಕಿ ನೋಡ್ತಾಳೆ, ಕರೆದರೆ ಬೆಚ್ಚಿ ಬೀಳ್ತಾಳೆ. ಹುಡುಗಿಗೆ ಕೇಳಿದರೆ ಅವಳೂ ಅದನ್ನೇ ಹೇಳಿದಳು, "ನಂಗ ಏಕಾಗ್ರತೆ ಕಡಿಮಿ ರೀ" ಅಂತ. ಜ್ವರದ ಹೆಸರು ಹೇಳಿದ ಹಾಗೆ ಹೇಳಿದಳು. ನನಗೆ ಈ ಮಾತು ಕೇಳಿದರೆ ಸ್ವಲ್ಪ ಕಿರಿಕಿರಿ. ಏಕಾಗ್ರತೆ ಇಲ್ಲ ಅನ್ನೋದು ಕಣ್ಣಿಗೆ ಕಾಣುವ ಲಕ್ಷಣ ಅಷ್ಟೇ, ಕಾರಣ ಅಲ್ಲ. ಯಾಕೆ ಇಲ್ಲ ಅನ್ನೋದನ್ನು ಯಾರೂ ಕೇಳಿರಲಿಲ್ಲ.

ನಾನು ಮೊದಲು ಕೇಳಿದ್ದು ಉತ್ತರ ಪತ್ರಿಕೆ. ಗಣಿತದ ಲಿಖಿತ ಪರೀಕ್ಷೆ 80 ಅಂಕಕ್ಕೆ, ಉಳಿದ 20 ಆಂತರಿಕ ಅಂಕ. ಇವಳಿಗೆ 80ಕ್ಕೆ 19. ಸಮಾಜ ವಿಜ್ಞಾನದಲ್ಲಿ ಅದೇ ಹುಡುಗಿಗೆ 80ಕ್ಕೆ 52. ಈ ಅಂತರ ನೋಡಿದಾಗಲೇ ಸುಮ್ನೆ "ಓದಲ್ಲ" ಅನ್ನೋ ಮಾತು ಬಿದ್ದುಹೋಯಿತು.

ಪತ್ರಿಕೆಯ ಒಂದು ಲೆಕ್ಕ ಹೇಳುತ್ತೇನೆ, ಪೂರ್ತಿ ಪ್ರಕರಣ ಅದರಲ್ಲೇ ಇದೆ. ವರ್ಗ ಸಮೀಕರಣ, ಅಪವರ್ತನ ವಿಧಾನದಿಂದ ಬಿಡಿಸಬೇಕು: ಎಕ್ಸ್ ವರ್ಗ ಮೈನಸ್ 3 ಎಕ್ಸ್ ಮೈನಸ್ 10 ಸಮ ಸೊನ್ನೆ. ಅವಳು ಮೈನಸ್ 3 ಎಕ್ಸ್ ಅನ್ನು ಮೈನಸ್ 5 ಎಕ್ಸ್ ಪ್ಲಸ್ 2 ಎಕ್ಸ್ ಅಂತ ಸರಿಯಾಗಿ ಒಡೆದಿದ್ದಾಳೆ. ಇದೇ ಕಷ್ಟದ ಹೆಜ್ಜೆ, ಬಹಳ ಮಕ್ಕಳು ಎಡವೋದು ಇಲ್ಲಿ. ಮುಂದಿನ ಸಾಲಿನಲ್ಲಿ ಮೊದಲ ಆವರಣ ಎಕ್ಸ್ ಮೈನಸ್ 5, ಸರಿ. ಎರಡನೇ ಆವರಣದಲ್ಲಿ ಎಕ್ಸ್ ಪ್ಲಸ್ 5 ಅಂತ ಬರೆದಿದ್ದಾಳೆ. ಅಷ್ಟೇ. ಎರಡು ಆವರಣ ಹೊಂದಲಿಲ್ಲ. ಹೊಂದದಿದ್ದಾಗ ಆ ಒಂದು ಚಿಹ್ನೆ ನೋಡೋದು ಬಿಟ್ಟು ಇಡೀ ಲೆಕ್ಕ ಹೊಡೆದುಹಾಕಿ ಮತ್ತೆ ಮೊದಲಿಂದ ಶುರು ಮಾಡಿದ್ದಾಳೆ, ಮತ್ತೆ ಅದೇ ಜಾಗದಲ್ಲಿ ಬೇರೆ ತಪ್ಪು. ಮೂರನೇ ಸಲ ಪೆನ್ನು ಒತ್ತಿ ಒತ್ತಿ ಕಾಗದ ಹರಿದಿದೆ. ಇಡೀ ಪತ್ರಿಕೆಯಲ್ಲಿ ಇದೇ ಕಥೆ. ವಿಧಾನ ಗೊತ್ತು, ಶುರು ಸರಿ, ನಡುವಿನಲ್ಲಿ ಏನೋ ಒಂದು ಕೈ ಜಾರುತ್ತದೆ.

ನಡುವಿನಲ್ಲಿ ಜಾರೋದಕ್ಕೆ ಒಂದು ಅರ್ಥ ಇದೆ. ಬುದ್ಧಿ ಒಂದು ಕೆಲಸ ಮಾಡುತ್ತಾ ಇನ್ನೊಂದನ್ನು ಕ್ಷಣಹೊತ್ತು ನೆನಪಿಟ್ಟುಕೊಳ್ಳುವ ಜಾಗವನ್ನು ಮನಶ್ಶಾಸ್ತ್ರದವರು ಕಾರ್ಯ ಸ್ಮೃತಿ ಅನ್ನುತ್ತಾರೆ. 1974ರಲ್ಲಿ ಬ್ಯಾಡ್ಲಿ ಮತ್ತು ಹಿಚ್ ಎಂಬಿಬ್ಬರು ಇದರ ಮಾದರಿ ಕೊಟ್ಟರು. ಅದರಲ್ಲಿ ಒಂದೇ ಹೊತ್ತಿಗೆ ಹಿಡಿಸೋದು ಹೆಚ್ಚುಕಡಿಮೆ ನಾಲ್ಕು ವಿಷಯ ಅಂತ 2001ರಲ್ಲಿ ನೆಲ್ಸನ್ ಕೋವನ್ ವಾದಿಸಿದರು. ನಾಲ್ಕು ಜನ ಕೂರುವ ಕಟ್ಟೆ ಅಂದುಕೊಳ್ಳಿ. ಅದರಲ್ಲಿ ಇಬ್ಬರ ಜಾಗದಲ್ಲಿ ಸಾಲ ಕೇಳೋರು ಬಂದು ಕೂತರೆ ಉಳಿದಿದ್ದು ಎರಡೇ ಜಾಗ, ಆ ಎರಡರಲ್ಲಿ ಒಡೆದ ಪದ, ಅದರ ಚಿಹ್ನೆ, ಹೊರಗೆ ತೆಗೆದ ಅಂಶ, ಮುಂದಿನ ಹೆಜ್ಜೆ ಎಲ್ಲಾ ಕೂರಬೇಕು. ಯಾರೋ ಒಬ್ಬರು ಕೆಳಗೆ ಬೀಳ್ತಾರೆ. ಇಲ್ಲಿ ಬಿದ್ದದ್ದು ಮೈನಸ್ ಚಿಹ್ನೆ. ಅದೇ 2001ರಲ್ಲಿ ಆಶ್‌ಕ್ರಾಫ್ಟ್ ಮತ್ತು ಕಿರ್ಕ್ ತೋರಿಸಿದ್ದೂ ಇದನ್ನೇ: ಗಣಿತದ ಭಯ ಇರುವವರಿಗೆ ದಶಕ ಹಿಡಿದು ಕೂಡುವ ಲೆಕ್ಕದಲ್ಲೇ, ಅಂದರೆ ನಡುವೆ ಒಂದನ್ನು ಹಿಡಿದಿಟ್ಟುಕೊಳ್ಳಬೇಕಾದ ಕಡೆಯೇ, ತಪ್ಪು ಜಾಸ್ತಿ.

ಸಮಾಜದಲ್ಲಿ 52 ಬಂದದ್ದೂ ಇದಕ್ಕೆ ಹೊಂದುತ್ತದೆ. ಅಲ್ಲಿ ಬಾಯಿಪಾಠ ಮಾಡಿದ್ದನ್ನು ಇಳಿಸಿದರೆ ಆಯ್ತು. 1908ರಷ್ಟು ಹಿಂದೆಯೇ ಯೆರ್ಕ್ಸ್ ಮತ್ತು ಡಾಡ್ಸನ್ ಇಲಿಗಳ ಮೇಲೆ ಪ್ರಯೋಗ ಮಾಡಿ ಹೇಳಿದ್ದರು. ಕೆಲಸ ಸುಲಭದ್ದಿದ್ದರೆ ಒತ್ತಡ ಜಾಸ್ತಿಯಾದಷ್ಟೂ ಬೇಗ ಕಲಿಯುತ್ತವೆ, ಕಷ್ಟದ್ದಾದರೆ ಒತ್ತಡ ಒಂದು ಹದ ದಾಟಿದ ಕೂಡಲೇ ಕಲಿಕೆ ಕೆಡುತ್ತದೆ. ಮನೆಯಲ್ಲಿ ಬೈದರೆ ಮಕ್ಕಳು ಬೇಗ ನೀರು ತರ್ತಾರೆ, ಬೈದರೆ ತ್ರಿಕೋನಮಿತಿ ಬರಲ್ಲ.

ಸರಿ, ಕಟ್ಟೆ ಮೇಲೆ ಕೂತದ್ದು ಯಾರು?

ಅದು ಗೊತ್ತಾಗಿದ್ದು ಅವಳ ಗಣಿತದ ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ. ಹಿಂದಿನಿಂದ ತೆರೆದರೆ ಒತ್ತಾದ ಸಣ್ಣ ಅಕ್ಷರದಲ್ಲಿ ಯೂರಿಯಾ ಇಷ್ಟು ಚೀಲ, ಡಿಎಪಿ ಇಷ್ಟು ಚೀಲ, ಎಣ್ಣಿ, ಟ್ರ್ಯಾಕ್ಟರ್ ಬಾಡಿಗಿ, ನಾಟಿ ಆಳು, ಲೀಜಿನ ಬಾಕಿ. ಪ್ರತಿ ಸಾಲಿನ ಮುಂದೆ ರೂಪಾಯಿ, ಕೆಲವು ಕಡೆ ಬಡ್ಡಿ. ಕೂಡಿದ್ದು ಎಲ್ಲಾ ಸರಿಯಾಗಿದೆ, ಒಂದು ದಶಕವೂ ತಪ್ಪಿಲ್ಲ. ಅಪ್ಪನಿಗೆ ಓದೋಕೆ ಬರೆಯೋಕೆ ಬರಲ್ಲ, ಹಾಗಾಗಿ ಮನೆಯ ಲೆಕ್ಕ ಇವಳದ್ದು. ಲೆಕ್ಕ ಮಾತ್ರ ಅಲ್ಲ. ಮನೆಯ ಒಂದೇ ಫೋನೂ ಇವಳ ಹತ್ತಿರ. ಗೊಬ್ಬರದ ಅಂಗಡಿಯಿಂದ, ಲೀಜಿನ ಗೌಡರಿಂದ, ಸಂಘದಿಂದ ಬಾಕಿ ಕೇಳಿ ಬರುವ ಫೋನು ಎತ್ತೋದು ಇವಳು. "ಅಪ್ಪ ಹೊಲಕ್ಕ ಹೋಗ್ಯಾನ್ರಿ, ಬಂದ ಮ್ಯಾಲ ಹೇಳ್ತೀನ್ರಿ." ಅಪ್ಪ ಪಕ್ಕದಲ್ಲೇ ಹೊರಸಿನ ಮೇಲೆ ಕೂತಿರುತ್ತಾರೆ.

ಎಲ್ಲರೂ ರೀಲ್ಸ್ ಅಂತ ಬೈತಿದ್ದ ಫೋನು ಇದು. ರೀಲ್ಸ್ ನೋಡ್ತಿರಲಿಲ್ಲ ಅಂತಲ್ಲ, ನೋಡ್ತಿದ್ದಳು, ಅವಳೇ ಹೇಳಿದಳು. ಆದರೆ ಓದೋಕೆ ಕೂತಾಗ ಫೋನು ಪಕ್ಕದಲ್ಲಿ ಇಟ್ಟುಕೊಳ್ಳುತ್ತಿದ್ದದ್ದು ಅದಕ್ಕಲ್ಲ. ದೂರ ಇಟ್ಟರೆ ಅವ್ವ ಎತ್ತಿ ಏನಾದರೂ ಹೇಳಿಬಿಡ್ತಾಳೆ, ಆಮೇಲೆ ಜಗಳ. ಅದಕ್ಕೆ. ಇನ್ನೊಂದು ಮಾತು ಹೇಳಿದಳು, ಅದು ನನಗೆ ಬಹಳ ಉಪಯೋಗಕ್ಕೆ ಬಂತು: "ಬಂದಾಗ ಏನೂ ಆಗಂಗಿಲ್ರಿ ಮೇಡಂ, ಮಾತಾಡಿ ಇಡ್ತೀನಿ. ಬರದಿದ್ದಾಗನ ಕಷ್ಟ." ಕಿವಿ ಅಲ್ಲೇ ಇರುತ್ತದೆ. ಕಣ್ಣು ಪುಟದ ಮೇಲೆ ಓಡುತ್ತದೆ, ಪುಟ ತಿರುಗುತ್ತದೆ, ಏನು ಓದಿದೆ ಅಂದರೆ ಗೊತ್ತಿಲ್ಲ.

ಯಾವಾಗಿಂದ ಹೀಗೆ ಅಂತ ಕೇಳಿದೆ. ಥಟ್ಟನೆ ಹೇಳಿದಳು, ಡ್ಯಾಂ ಗೇಟ್ ಹೋದಾಗಿಂದ. ಈ ಭಾಗದವರಿಗೆ ವಿವರಿಸಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಕ್ರಸ್ಟ್ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಕೊಂಡು ಹೋಯಿತು. ತುಂಬಿದ್ದ ಡ್ಯಾಮು. ನಾಟಿ ಆಗಿತ್ತು, ಗೊಬ್ಬರ ಉದ್ರಿ ತಂದಾಗಿತ್ತು. ಕೊಪ್ಪಳ, ರಾಯಚೂರು, ಬಳ್ಳಾರಿಯಲ್ಲಿ ಭತ್ತ ಹಾಕಿದವರೆಲ್ಲ ಆ ದಿನಗಳಲ್ಲಿ ಟಿವಿ ಮುಂದೆಯೇ ಇದ್ದರು. ನೀರಿಲ್ಲ ಅಂದರೆ ಬೆಳೆ ಇಲ್ಲ, ಬೆಳೆ ಇಲ್ಲ ಅಂದರೆ ಉದ್ರಿ ಕೊಟ್ಟವರಿಗೆ ದುಡ್ಡಿಲ್ಲ. ಅವರಿಗೂ ಭಯ ಆಯ್ತು, ಫೋನು ಶುರುವಾಯ್ತು. ಒಂದು ವಾರದಲ್ಲಿ ಸ್ಟಾಪ್‌ಲಾಗ್, ಅಂದರೆ ಗೇಟಿನ ಜಾಗಕ್ಕೆ ತಾತ್ಕಾಲಿಕ ಉಕ್ಕಿನ ತಡೆ, ಇಳಿಸಿ ನೀರು ನಿಲ್ಲಿಸಿದರು, ಮಳೆಯೂ ಕೈ ಹಿಡಿಯಿತು, ಡ್ಯಾಮು ಮತ್ತೆ ತುಂಬಿತು, ಕಾಲುವೆಗೆ ನೀರು ಬಂತು. ಫೋನು ಮಾತ್ರ ನಿಲ್ಲಲಿಲ್ಲ.

ಇದಕ್ಕೆ ಹತ್ತಿರದ ಒಂದು ಅಧ್ಯಯನ ನಮ್ಮ ಪಕ್ಕದ ರಾಜ್ಯದಲ್ಲೇ ನಡೆದಿದೆ. ಆನಂದಿ ಮಣಿ, ಸೆಂಧಿಲ್ ಮುಲ್ಲೈನಾಥನ್, ಎಲ್ಡರ್ ಶಫೀರ್, ಜಿಯಾಯಿಂಗ್ ಝಾವೊ 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ್ದು. ತಮಿಳುನಾಡಿನ 54 ಹಳ್ಳಿಗಳ 464 ಕಬ್ಬು ಬೆಳೆಗಾರರಿಗೆ ಕಟಾವಿನ ಮೊದಲು ಒಂದು ಸಲ, ಕಟಾವಾಗಿ ದುಡ್ಡು ಕೈಗೆ ಬಂದ ಮೇಲೆ ಇನ್ನೊಂದು ಸಲ ಬುದ್ಧಿ ಪರೀಕ್ಷೆ, ಗಮನದ ಪರೀಕ್ಷೆ ಕೊಟ್ಟು ನೋಡಿದರು. ಅವೇ ಜನ, ಅದೇ ತಲೆ. ದುಡ್ಡಿಲ್ಲದಾಗ ಅಂಕ ಕಡಿಮೆ, ದುಡ್ಡು ಬಂದಾಗ ಜಾಸ್ತಿ. ನಮ್ಮ ಹುಡುಗಿ ರೈತಳಲ್ಲ, ಆದರೆ ಆ ಮನೆಯ ಖಾತೆ ಪುಸ್ತಕ ಅವಳ ತಲೆಯಲ್ಲೇ ಇತ್ತು.

ನನ್ನ ಹತ್ತಿರ ಬರೋ ಮೊದಲು ಏನೇನು ಮಾಡಿದ್ದರು ಅಂದರೆ, ನೆನಪಿನ ಶಕ್ತಿಯ ಟಾನಿಕ್ ಎರಡು ಬಾಟಲಿ. ದೀಪ ನೋಡುತ್ತಾ ಕೂರೋದು, ಯಾರೋ ಯೂಟ್ಯೂಬಿನಲ್ಲಿ ಹೇಳಿದ್ದು. ಅಂಜನಾದ್ರಿಗೆ ಹರಕೆ, 575 ಮೆಟ್ಟಿಲು ಹತ್ತಿ ಬಂದಿದ್ದರು. ಟಾನಿಕ್ಕಿನಿಂದ ಏನೂ ಆಗಿರಲಿಲ್ಲ. ಅಂಜನಾದ್ರಿ ಹತ್ತಿದ ರಾತ್ರಿ ಮಾತ್ರ ಗಡದ್ದಾಗಿ ನಿದ್ದೆ ಬಂತಂತೆ, ಅದನ್ನು ನಾನು ಲಾಭದಲ್ಲೇ ಬರೆದುಕೊಂಡೆ. ಯಾಕೆಂದರೆ ಉಳಿದ ದಿನ ನಿದ್ದೆಯೇ ಇರಲಿಲ್ಲ. ಮಲಗೋದು ಹನ್ನೊಂದೂವರೆ, ನಸುಕಿನ ನಾಲ್ಕಕ್ಕೆ ಅವ್ವ ಎಬ್ಬಿಸೋದು, "ನಸುಕಿನಾಗ ಓದಿದ್ದು ತಲ್ಯಾಗ ನಿಲ್ತೈತಿ" ಅಂತ. ನಾಲ್ಕೂವರೆ ತಾಸಿನ ನಿದ್ದೆಯಲ್ಲಿ ಏನೂ ನಿಲ್ಲಲ್ಲ. ಹಗಲು ಕಲಿತದ್ದು ಗಟ್ಟಿಯಾಗೋದರಲ್ಲಿ ನಿದ್ದೆಗೆ ದೊಡ್ಡ ಪಾಲಿದೆ, 13ರಿಂದ 18 ವಯಸ್ಸಿನವರಿಗೆ 8ರಿಂದ 10 ಗಂಟೆ ಬೇಕು ಅಂತ ಅಮೆರಿಕದ ನಿದ್ರಾ ವೈದ್ಯರ ಸಂಸ್ಥೆ 2016ರಲ್ಲೇ ಹೇಳಿದೆ. ನಮ್ಮ ಮನೆಗಳಲ್ಲಿ 8 ಆಗಲ್ಲ. ಹತ್ತಕ್ಕೆ ಮಲಗಿ ಐದಕ್ಕೆ ಏಳೋದು ಅಂತ ಒಪ್ಪಂದ ಆಯ್ತು. ಅವ್ವನನ್ನು ಒಪ್ಪಿಸೋದೇ ಕಷ್ಟ ಆಯ್ತು.

ಫೋನಿನ ವಿಷಯಕ್ಕೆ ಅಪ್ಪನ ಜೊತೆ ಮಾತಾಡಬೇಕಿತ್ತು. ಇದು ನಾಜೂಕಿನ ಮಾತು. ಮಗಳ ಕೈಲಿ ಸುಳ್ಳು ಹೇಳಿಸ್ತೀರಾ ಅಂದರೆ ಅಲ್ಲಿಗೆ ಮುಗೀತು, ಮರುದಿನದಿಂದ ಹುಡುಗಿ ಟ್ಯೂಷನ್ನಿಗೆ ಬರಲ್ಲ. ನಾನು ನೋಟ್‌ಬುಕ್ಕಿನ ಹಿಂದಿನ ಪುಟ ತೆರೆದು, "ಅಣ್ಣಾರ, ಲೆಕ್ಕ ಎಷ್ಟು ಚಂದ ಬರೆದಾಳ ನೋಡ್ರಿ, ಒಂದೂ ತಪ್ಪಿಲ್ಲ" ಅಂದೆ. ಆಮೇಲೆ ಅದೇ ಪುಸ್ತಕ ತಿರುಗಿಸಿ ಮುಂದಿನ ಪುಟ ತೋರಿಸಿದೆ, ಕಾಗದ ಹರಿದ ಲೆಕ್ಕ. ಅವರು ಓದಲಾರರು, ಆದರೆ ಹೊಡೆದುಹಾಕಿದ್ದು ಯಾರಿಗಾದರೂ ಕಾಣುತ್ತದೆ. ಸ್ವಲ್ಪ ಹೊತ್ತು ಬಿಟ್ಟು, "ಅಕಿ ಶಾಣ್ಯಾ ಅದಾಳಂತ ಕೊಟ್ಟಿದ್ದೆ ರೀ ಮೇಡಂ. ನನಗಾದ್ರ ಸಿಟ್ಟು ಬರ್ತೈತಿ, ಅಕಿ ಸಮಾಧಾನದಿಂದ ಮಾತಾಡ್ತಾಳ" ಅಂದರು. ಕೆಟ್ಟ ಮನುಷ್ಯ ಅಲ್ಲ. ಮನೆಯಲ್ಲಿ ಯಾರಿಗೆ ಚೆನ್ನಾಗಿ ಬರುತ್ತದೋ ಅವರಿಗೆ ಆ ಕೆಲಸ ಬಿದ್ದಿತ್ತು.

ದಾರಿ ತೋರಿಸಿದ್ದು ಅವ್ವ. ಅವರ ತಮ್ಮ, ಹುಡುಗಿಯ ಮಾವ, ರೈಸ್‌ಮಿಲ್ಲಿನಲ್ಲಿ ಗುಮಾಸ್ತ, ವ್ಯವಹಾರ ಗೊತ್ತಿದ್ದವರು, ಅದೇ ಓಣಿಯಲ್ಲಿ ಮನೆ. ಸಿಮ್ಮು ಒಂದು ಹಳೆ ಕೀಪ್ಯಾಡ್ ಸೆಟ್ಟಿಗೆ ಹೋಯಿತು, ಆ ಸೆಟ್ಟು ಮಾವನ ಜೇಬಿಗೆ. ಅಂಗಡಿಯವರಿಗೂ ಒಂದು ಥರ ನಿರಾಳ ಆಯ್ತಂತೆ, ಮಗುವಿನ ಹತ್ತಿರ ದುಡ್ಡು ಕೇಳೋದು ಅವರಿಗೂ ಇಷ್ಟ ಇರಲಿಲ್ಲ.

ಇಲ್ಲಿಗೆ ಸರಿಹೋಗಬೇಕಿತ್ತು ಅಲ್ವಾ? ಹೋಗಲಿಲ್ಲ. ಮೊದಲ ವಾರ ಇನ್ನೂ ಕೆಟ್ಟಿತು. ಟ್ಯೂಷನ್ ಮುಗಿಸಿ ಮನೆಗೆ ಹೋಗದೆ ಸೀದಾ ಮಾವನ ಮನೆಗೆ ಹೋಗಿ, ಯಾರು ಫೋನ್ ಮಾಡಿದ್ದರು, ಏನಂದರು, ನೀನು ಏನಂದಿ ಅಂತ ವಿಚಾರಣೆ. ಮಾವ ತಮಾಷೆಗೆ "ನೀ ಓದ್ಕೋ ಹೋಗವ್ವಾ, ನಿನಗ್ಯಾಕ ಅದೆಲ್ಲಾ" ಅಂದರೆ ರಾತ್ರಿಯೆಲ್ಲಾ ಅದೇ ಯೋಚನೆ. ದೊಡ್ಡವರು ಸಾಮಾನ್ಯವಾಗಿ ಮಾಡೋದು ಇದನ್ನೇ, ಮಕ್ಕಳಿಂದ ವಿಷಯ ಮುಚ್ಚಿಡೋದು. ಅಲ್ಲಿಯವರೆಗೆ ಎಲ್ಲಾ ಗೊತ್ತಿದ್ದವಳಿಗೆ ಒಮ್ಮೆಲೇ ಏನೂ ಗೊತ್ತಾಗದ ಹಾಗೆ ಮಾಡಿದರೆ ಅವಳು ಕೆಟ್ಟದ್ದನ್ನೇ ಊಹಿಸಿಕೊಳ್ತಾಳೆ.

ಹಾಗಾಗಿ ಲೆಕ್ಕ ಅವಳ ಹತ್ತಿರವೇ ಉಳಿಯಿತು, ಹೊತ್ತು ಮಾತ್ರ ಗೊತ್ತುಮಾಡಿದೆವು. ಬೇರೆ ಪುಸ್ತಕ, ಉದ್ದನೆಯ ಖಾತೆ ಪುಸ್ತಕವೇ. ಭಾನುವಾರ ಬೆಳಿಗ್ಗೆ ಮಾವ, ಅಪ್ಪ, ಅವಳು ಮೂವರೂ ಕೂತು ವಾರದ್ದೆಲ್ಲಾ ಬರೆಯೋದು: ಯಾರು ಕೇಳಿದರು, ಏನು ಹೇಳಿದ್ದಾಯ್ತು, ಮುಂದೆ ಯಾವಾಗ ಕೊಡೋದು. ನಡುವೆ ಏನಾದರೂ ನೆನಪಾದರೆ ಚೀಟಿಯಲ್ಲಿ ಬರೆದು ಆ ಪುಸ್ತಕದಲ್ಲಿ ಇಟ್ಟುಬಿಡು, ಭಾನುವಾರ ನೋಡೋಣ. ಇದಕ್ಕೆ ಆಧಾರ ಇದೆ. ಮುಗಿಯದ ಕೆಲಸ ಮನಸ್ಸಿನಲ್ಲಿ ಕೊರೆಯುತ್ತದೆ ಅಂತ ಬ್ಲೂಮಾ ಝೈಗಾರ್ನಿಕ್ 1927ರಲ್ಲಿ ಬರೆದ ಮಾತಿನಿಂದ ಶುರುವಾದ ವಿಚಾರ ಇದು. ಕೆಲಸ ಮುಗಿಸಲೇಬೇಕು ಅಂತಿಲ್ಲ, ಯಾವಾಗ ಹೇಗೆ ಮಾಡೋದು ಅಂತ ಖಚಿತವಾಗಿ ಯೋಜನೆ ಹಾಕಿದರೂ ಆ ಕೊರೆತ ಕಡಿಮೆ ಆಗುತ್ತದೆ ಅಂತ 2011ರಲ್ಲಿ ಮಸಿಕಾಂಪೊ ಮತ್ತು ಬಾಮೈಸ್ಟರ್ ತೋರಿಸಿದರು. ಸಾಲ ತೀರಿಸೋದು ನಮ್ಮ ಕೈಲಿ ಇರಲಿಲ್ಲ. ಸಾಲಕ್ಕೆ ಒಂದು ವಾರ, ಒಂದು ಹೊತ್ತು ಗೊತ್ತುಮಾಡೋದು ಇತ್ತು. ದೀಪಾವಳಿ ಹೊತ್ತಿಗೆ ವಿಚಾರಣೆ ನಿಂತಿತು.

ಓದುವ ರೀತಿಯೂ ಬದಲಾಗಬೇಕಿತ್ತು. ಗಟ್ಟಿಯಾಗಿ ಓದುತ್ತಾ ಪುಟ ತಿರುಗಿಸೋದು ಅವಳ ಅಭ್ಯಾಸ. ಇದರ ತೊಂದರೆ ಏನಂದರೆ ಬಾಯಿ ಓದುವಾಗ ಮನಸ್ಸು ಎಲ್ಲಿಗೆ ಹೋದರೂ ಯಾರಿಗೂ ಗೊತ್ತಾಗಲ್ಲ, ಅವಳಿಗೂ. ಪುಸ್ತಕ ಮುಚ್ಚಿ ಬರೆಯೋಕೆ ಹೇಳಿದರೆ ಮನಸ್ಸು ಅಲೆದದ್ದು ಕೂಡಲೇ ಸಿಕ್ಕಿಬೀಳುತ್ತದೆ. ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ಮಾಡಿದ ಪ್ರಯೋಗ ನಮ್ಮ ಟ್ಯೂಷನ್ನಿನ ಮಕ್ಕಳಿಗೆಲ್ಲಾ ಹೇಳ್ತೀನಿ. ಐದು ನಿಮಿಷ ಬಿಟ್ಟು ಕೇಳಿದರೆ ಮತ್ತೆ ಮತ್ತೆ ಓದಿದವರೇ ಮುಂದೆ, ಒಂದು ವಾರ ಬಿಟ್ಟು ಕೇಳಿದರೆ ಮುಚ್ಚಿ ಬರೆದು ನೋಡಿದವರು ಮುಂದೆ. ಪರೀಕ್ಷೆ ಐದು ನಿಮಿಷ ಬಿಟ್ಟು ಬರಲ್ಲವಲ್ಲ. ಒಂದು ಲೆಕ್ಕ ನೋಡು, ಮುಚ್ಚು, ಬಿಡಿಸು, ತೆರೆದು ಹೋಲಿಸು. ತಪ್ಪಿದ್ದ ಸಾಲಿಗೆ ಕೆಂಪು ಗೆರೆ, ಅಲ್ಲಿಂದ ಮಾತ್ರ ತಿದ್ದು, ಪೂರ್ತಿ ಹೊಡೆದುಹಾಕೋ ಹಾಗಿಲ್ಲ. ಈ ಕೊನೆಯ ನಿಯಮಕ್ಕೆ ಅವಳು ಬಹಳ ಒದ್ದಾಡಿದಳು. ಜೊತೆಗೆ ಚಿಹ್ನೆಗಳನ್ನು ತಲೆಯಲ್ಲಿ ಇಟ್ಟುಕೊಳ್ಳದೆ ಪಕ್ಕದಲ್ಲಿ ಬರೆಯೋದು. ಕಾಗದಕ್ಕೆ ಇಳಿಸಿದ್ದು ಕಟ್ಟೆ ಮೇಲೆ ಜಾಗ ತಗೊಳ್ಳಲ್ಲ.

ಡಿಸೆಂಬರಿನಲ್ಲಿ ಭತ್ತ ಕಟಾವಾಯ್ತು. ಅಪ್ಪ ಅಂದುಕೊಂಡಷ್ಟು ರೇಟು ಸಿಗಲಿಲ್ಲ, ಗೊಬ್ಬರದ ಅಂಗಡಿಯದ್ದು ಪೂರ್ತಿ ತೀರಿತು, ಲೀಜಿನದ್ದು ಅರ್ಧ ಉಳಿಯಿತು. ಜನವರಿಯ ಘಟಕ ಪರೀಕ್ಷೆಯಲ್ಲಿ ಗಣಿತದ ತಪ್ಪುಗಳು ಬೇರೆ ಥರದ್ದಾಗಿದ್ದವು. ನಡುವಿನ ಜಾರಿಕೆ ಕಡಿಮೆ, ನಿಜವಾಗಿ ಗೊತ್ತಿಲ್ಲದ ಕಡೆ ತಪ್ಪು. ಅಂಕಕ್ಕಿಂತ ನನಗೆ ಇದು ಖುಷಿ ಕೊಟ್ಟಿತು, ಗೊತ್ತಿಲ್ಲದ್ದನ್ನು ಕಲಿಸಬಹುದು. ಆದರೆ ಇಲ್ಲೊಂದು ಮಾತು ನೇರವಾಗಿ ಹೇಳಬೇಕು. ನಿದ್ದೆ, ಫೋನು, ಭಾನುವಾರದ ಲೆಕ್ಕ, ಓದುವ ರೀತಿ, ಕಟಾವಿನ ದುಡ್ಡು, ಇವೆಲ್ಲಾ ಎರಡು ಮೂರು ತಿಂಗಳೊಳಗೆ ಒಂದರ ಮೇಲೊಂದು ಆದವು. ಯಾವುದರಿಂದ ಎಷ್ಟು ಅಂತ ಬಿಡಿಸಿ ಹೇಳೋಕೆ ಆಗಲ್ಲ. ಒಬ್ಬಳೇ ಹುಡುಗಿಯ ಪ್ರಕರಣದಲ್ಲಿ ಅದು ಸಾಧ್ಯವೂ ಇಲ್ಲ. ನನ್ನ ಅಂದಾಜು ಕೇಳಿದರೆ ಫೋನು ಮತ್ತು ಭಾನುವಾರದ ಲೆಕ್ಕ ಸೇರಿ ಅರ್ಧಕ್ಕಿಂತ ಜಾಸ್ತಿ.

ಪೂರ್ವಸಿದ್ಧತಾ ಪರೀಕ್ಷೆ ಹತ್ತಿರ ಬಂದಾಗ ಇನ್ನೊಂದು ತೊಂದರೆ ತಲೆ ಎತ್ತಿತು. ಪ್ರಶ್ನೆಪತ್ರಿಕೆ ಕೈಗೆ ಬಂದ ಮೊದಲ ಕೆಲವು ನಿಮಿಷ ಅಕ್ಷರ ಕಾಣ್ತದೆ, ಅರ್ಥ ಆಗಲ್ಲ. ಕೈ ತಣ್ಣಗೆ. ಇದು ಸಾಲದ್ದಲ್ಲ, ಶುದ್ಧ ಪರೀಕ್ಷೆಯ ಹೆದರಿಕೆ. ರಾಮಿರೆಝ್ ಮತ್ತು ಬೈಲಾಕ್ 2011ರಲ್ಲಿ, ಪರೀಕ್ಷೆಗೆ ಮುಂಚೆ ಹತ್ತು ನಿಮಿಷ ತಮ್ಮ ಭಯವನ್ನು ಬರೆದವರು ಚೆನ್ನಾಗಿ ಮಾಡಿದರು ಅಂತ ವರದಿ ಮಾಡಿದ್ದರು. ಆಮೇಲೆ ಬೇರೆಯವರು ಅದೇ ಪ್ರಯೋಗ ಮಾಡಿದಾಗ ಆ ಫಲಿತಾಂಶ ಸಿಗಲಿಲ್ಲ, ಹಾಗಾಗಿ ಇದನ್ನು ಮಂತ್ರದ ಹಾಗೆ ಹಂಚಬೇಡಿ. ಖರ್ಚಿಲ್ಲದ್ದು ಅಂತ ಮಾಡಿಸಿದೆ. ಅವಳು ಬರೆದದ್ದನ್ನು ನಾನು ಓದಿಲ್ಲ, ಹರಿದು ಜೇಬಿಗೆ ಹಾಕಿಕೊಂಡು ಹೋದಳು. ಅದಕ್ಕಿಂತ ಕೆಲಸ ಮಾಡಿದ್ದು ಸರಳವಾದ ಒಂದು ರೂಢಿ ಅನ್ನಿಸುತ್ತದೆ. ಪತ್ರಿಕೆ ಬಂದ ಕೂಡಲೇ ಓದದೆ, ಒಂದು ಅಂಕದ ಪ್ರಶ್ನೆಗಳಲ್ಲಿ ಖಂಡಿತಾ ಬರುವ ಮೂರನ್ನು ಹುಡುಕಿ ಮೊದಲು ಬರೆಯೋದು. ಕೈ ಓಡಿತು ಅಂದರೆ ತಲೆ ಹಿಂದೆ ಬರುತ್ತದೆ. ಇದನ್ನು ಟ್ಯೂಷನ್ನಿನಲ್ಲಿ ಗಡಿಯಾರ ಇಟ್ಟು, ನಿಜವಾದ ಪರೀಕ್ಷೆಯ ಹಾಗೆ ಬೆಂಚು ದೂರ ದೂರ ಹಾಕಿ ಅಭ್ಯಾಸ ಮಾಡಿಸಿದೆ. ಪರೀಕ್ಷೆ ಕೋಣೆಯಲ್ಲಿ ನಿಗಾ ಇಡೋ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಇರುತ್ತದೆ ಅಂತ ಹೆದರಿದ್ದಳು, ಹಾಗಾಗಿ ಗೋಡೆ ಮೇಲೆ ಒಂದು ಹಳೆ ಫೋನನ್ನೂ ತೂಗುಹಾಕಿದ್ದೆ. ಮಕ್ಕಳೆಲ್ಲಾ ಅದಕ್ಕೆ ಟಾಟಾ ಮಾಡಿ ನಕ್ಕರು, ನಗೋದೂ ಬೇಕಿತ್ತು.

ಇಂಥ ಪ್ರಕರಣ ನೋಡುವ ಟ್ಯೂಷನ್ನಿನವರಿಗೆ, ಮೇಷ್ಟ್ರುಗಳಿಗೆ ಒಂದು ಗಡಿ ಹೇಳಿಬಿಡುತ್ತೇನೆ. ಈ ಹುಡುಗಿ ಊಟ ಮಾಡ್ತಿದ್ದಳು, ಗೆಳತಿಯರ ಜೊತೆ ನಗ್ತಿದ್ದಳು, ಚಿಂತೆಗೆ ಕಾರಣ ಅವಳಿಗೇ ಗೊತ್ತಿತ್ತು. ವಾರಗಟ್ಟಲೆ ನಿದ್ದೆ ಊಟ ಬಿಟ್ಟವರು, ಸುಮ್ನೆ ಅಳೋರು, ಬದುಕೋದು ಬೇಡ ಅನ್ನೋ ಮಾತು ಆಡೋರು ಬಂದರೆ ಖಾತೆ ಪುಸ್ತಕ, ಕೆಂಪು ಗೆರೆ ಅಂತ ಕೂರಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, ನಂಬರು 14416, ದಿನದ 24 ಗಂಟೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ನೋಡಿಸಿ.

2025ರ ಮಾರ್ಚ್ 21ಕ್ಕೆ ಶುರುವಾದ ಪರೀಕ್ಷೆ 1ರಲ್ಲಿ, ಅಂದರೆ ಆ ವರ್ಷದ ಮೊದಲ ಬೋರ್ಡ್ ಪರೀಕ್ಷೆಯಲ್ಲಿ, ಅವಳು ಗಣಿತದಲ್ಲಿ 80ಕ್ಕೆ 49 ತೆಗೆದಳು. ವಿಜ್ಞಾನ ಹೆಚ್ಚುಕಡಿಮೆ ಅಷ್ಟೇ. ಸಮಾಜ ಮೊದಲಿನ ಹಾಗೇ ಇತ್ತು, ಅಲ್ಲಿ ಕೆಟ್ಟಿದ್ದೂ ಇರಲಿಲ್ಲ. ಇಂಗ್ಲಿಷಿನಲ್ಲಿ ಅಂಚಿನಲ್ಲಿ ಪಾಸು. ಅದಕ್ಕೆ ಮನಸ್ಥಿತಿ, ಏಕಾಗ್ರತೆ ಅಂತ ಹುಡುಕೋದು ಬೇಡ, ಅದನ್ನು ಚೆನ್ನಾಗಿ ಕಲಿಸಿದವರು ಯಾರೂ ಇರಲಿಲ್ಲ ಅಷ್ಟೇ. ಈಗ ಪಿಯುಸಿ, ಕಾಮರ್ಸ್ ತಗೊಂಡಿದ್ದಾಳೆ. ಲೀಜಿನ ಬಾಕಿ ಇನ್ನೂ ಪೂರ್ತಿ ತೀರಿಲ್ಲ, ಮಾವನಿಗೆ ಫೋನು ಬರ್ತಾನೇ ಇದೆ, ಭಾನುವಾರ ಬರೆಯೋದೂ ನಡೆದಿದೆ.